ಸ್ಕಿಲ್ ಲ್ಯಾಬ್ ಬೀಗ ತೆಗೀರಿ: ಓಟಿ ಸಿಸ್ಟರ್ ಒಬ್ಳ ಬಹಿರಂಗ ಪತ್ರ

ರಾಜ್ಯದ ಮೆಡಿಕಲ್ ಕಾಲೇಜುಗಳ ಡೀನ್ ಮತ್ತು ನಿರ್ದೇಶಕರಿಗೆ, ಸರ್ಜರಿ ವಿಭಾಗಗಳ ಮುಖ್ಯಸ್ಥರಿಗೆ, ಹಾಗೇ ವೈದ್ಯಕೀಯ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನೊಬ್ಳು ನರ್ಸಿಂಗ್ ಆಫೀಸರ್. ನನ್ನ ಸರ್ವಿಸ್‌ನ ಬಹುಪಾಲು ಮೇಜರ್ ಓಟಿಯಲ್ಲೇ, ಅಂದ್ರೆ ಆಪರೇಷನ್ ಥಿಯೇಟರಲ್ಲೇ ಕಳೆದಿದೆ, ಅದ್ರಲ್ಲೂ ಸರ್ಜರಿ ಟೇಬಲ್‌ನಲ್ಲಿ. ಯಾವ ಆಸ್ಪತ್ರೆ ಯಾವ ಊರು ಅಂತ ಹೇಳಲ್ಲ, ಹೇಳಿದ್ರೆ ನಾಳೆ ಬೆಳಗ್ಗೆ ನನ್ನ ಕೈಗೆ ಮೊದ್ಲು ಬರೋದು ಮೆಮೋ. ಅದೂ ಅಲ್ದೆ ಇದು ಒಂದೇ ಆಸ್ಪತ್ರೆ ಕಥೆ ಅಲ್ಲ, ಟ್ರೇನಿಂಗ್ ಗೀನಿಂಗ್ ಅಂತ ಬೇರೆ ಬೇರೆ ಕಾಲೇಜಿನ ಓಟಿ ಸ್ಟಾಫ್ ಒಂದು ಕಡೆ ಸೇರಿದಾಗ ಟೀ ಬ್ರೇಕಲ್ಲಿ ಎಲ್ರೂ ಮಾತಾಡೋದು ಇದನ್ನೇ.

ಸುತ್ತಿ ಬಳಸಿ ಹೇಳೋಕೆ ಬರಲ್ಲ, ವಿಷ್ಯಕ್ಕೆ ಬರ್ತೀನಿ. ಒಂದು ಆಪರೇಷನ್ನನ್ನ ಹೊಸದಾಗಿ ಕಲಿಯೋ ಡಾಕ್ಟ್ರು, ಅವರು ಎಂಬಿಬಿಎಸ್ ಮುಗಿಸಿ ಸರ್ಜರಿ ಓದ್ತಿರೋ ಪಿಜಿ ಆಗ್ಲಿ ಹಿರಿಯ ಸರ್ಜನ್ನೇ ಆಗ್ಲಿ, ಕೈ ಪಳಗೋವರೆಗಿನ ತಪ್ಪುಗಳನ್ನ ಪೇಷೆಂಟ್ ಹೊಟ್ಟೆ ಒಳಗೆ ಮಾಡಬಾರ್ದು. ಅವನ್ನ ಬಾಕ್ಸ್ ಟ್ರೇನರ್ ಅನ್ನೋ ಪ್ರಾಕ್ಟೀಸ್ ಡಬ್ಬದ ಒಳಗೆ, ಆಪರೇಷನ್ನಿನ ಅನುಕರಣೆ ಮಾಡಿಸೋ ಸಿಮ್ಯುಲೇಟರ್ ಮೇಲೆ ಮಾಡಿ ಮುಗಿಸ್ಕೊಂಡು ಟೇಬಲ್ ಹತ್ರ ಬರ್ಬೇಕು. ಅದಕ್ಕೆ ಬೇಕಾದ ಸ್ಕಿಲ್ ಲ್ಯಾಬು ನಿಮ್ಮಲ್ಲಿ ಈಗಾಗ್ಲೇ ಇದೆ. ಬೀಗ ಹಾಕಿದೆ, ಅಷ್ಟೇ.

ಇದನ್ನ ಹೇಳೋಕೆ ನರ್ಸ್ ಯಾರು ಅಂತ ಕೆಲವರಿಗೆ ಅನ್ನಿಸ್ಬಹುದು. ಲ್ಯಾಪ್ರೋಸ್ಕೋಪಿ ನಡೀವಾಗ ಸರ್ಜನ್ ಕಣ್ಣು ಸ್ಕ್ರೀನ್ ಮೇಲಿರುತ್ತೆ, ಅನಸ್ತೇಶಿಯಾ ಡಾಕ್ಟ್ರ ಕಣ್ಣು ಅವರ ಮಾನಿಟರ್ ಮೇಲಿರುತ್ತೆ. ಕೈಗಳನ್ನ ನೋಡ್ತಾ ನಿಲ್ಲೋಳು ಟ್ರಾಲಿ ಹತ್ರ ಇರೋ ನಾನೊಬ್ಳೇ. ಯಾವ ಕೈ ನಡುಗ್ತಿದೆ, ಯಾವ ಕೈ ಮೇರಿಲ್ಯಾಂಡ್ ಅನ್ನೋ ಇಕ್ಕಳವನ್ನ ಪೆನ್ನು ಹಿಡಿದಷ್ಟು ಹಗುರಾಗಿ ಹಿಡಿದಿದೆ, ಯಾರು ಕರೆಂಟಲ್ಲಿ ಸುಡೋ ಹುಕ್ ಕೇಳೋ ಮೊದ್ಲೇ ಅದ್ರ ಪೆಡಲ್ ಮೇಲೆ ಕಾಲಿಟ್ಟಿದಾರೆ, ಎಲ್ಲಾ ಕಾಣುತ್ತೆ. ಹೊಸ ಪಿಜಿ ಕ್ಯಾಮೆರಾ ಹಿಡಿದ ಐದು ನಿಮಿಷಕ್ಕೆ ಇವರು ಎಲ್ಲಾದ್ರೂ ಪ್ರಾಕ್ಟೀಸ್ ಮಾಡಿದಾರಾ ಇಲ್ಲ ಇವತ್ತೇ ಮೊದ್ಲಾ ಅಂತ ನಮ್ಮ ಯಾವ ಓಟಿ ಸಿಸ್ಟರನ್ನ ಕೇಳಿದ್ರೂ ಹೇಳ್ತಾರೆ.

ಲ್ಯಾಪ್ರೋಸ್ಕೋಪಿ ಅಂದ್ರೇನು ಅಂತ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತುಗಳಲ್ಲಿ ಪೋರ್ಟ್ ಹಾಕಿ, ಒಂದ್ರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದುದ್ದ ಇನ್‌ಸ್ಟ್ರುಮೆಂಟ್ ಬಿಟ್ಟು ಸ್ಕ್ರೀನ್ ನೋಡ್ಕೊಂಡು ಆಪರೇಷನ್ ಮಾಡೋದು. ಕಷ್ಟ ಎಲ್ಲಿ ಅಂದ್ರೆ, ಹೊರಗಡೆ ಕೈ ಬಲಕ್ಕೆ ಹೋದ್ರೆ ಒಳಗಿನ ತುದಿ ಎಡಕ್ಕೆ ಹೋಗುತ್ತೆ, ಕೈ ಮೇಲೆತ್ತಿದ್ರೆ ತುದಿ ಕೆಳಗಿಳಿಯುತ್ತೆ. ಸ್ಕ್ರೀನ್ ಚಪ್ಪಟೆ, ಆಳ ಗೊತ್ತಾಗಲ್ಲ. ಬೆರಳಿಗೆ ಮಾಂಸದ ಸ್ಪರ್ಶವೂ ಸರಿಯಾಗಿ ಸಿಗಲ್ಲ. ನೀಟ್‌ನಲ್ಲಿ ಎಷ್ಟನೇ ರ‍್ಯಾಂಕ್ ಬಂದಿದ್ರೂ ಸರಿ, ಪುಸ್ತಕ ಪೂರ್ತಿ ಬಾಯಿಪಾಠ ಆಗಿದ್ರೂ ಸರಿ, ಇದು ಕೈಗೆ ಬರೋದು ಮತ್ತೆ ಮತ್ತೆ ಮಾಡೋದ್ರಿಂದ ಮಾತ್ರ. ಹಂಗಾದ್ರೆ ಆ ಮತ್ತೆ ಮತ್ತೆ ಮಾಡೋದು ಎಲ್ಲಿ ನಡೀಬೇಕು ಅನ್ನೋದೇ ನನ್ನ ಪ್ರಶ್ನೆ.

ಒಂದು ಕೇಸ್ ಹೇಳ್ತೀನಿ, ಗುರುತು ಸಿಗದ ಹಾಗೆ. ನಡುವಯಸ್ಸಿನ ಹೆಂಗಸು, ಕೂಲಿ ಮಾಡೋರು, ಬಿಪಿಎಲ್ ಕಾರ್ಡು, ಪಿತ್ತಕೋಶ ಅಂದ್ರೆ ಗಾಲ್ ಬ್ಲಾಡರ್‌ನಲ್ಲಿ ಕಲ್ಲು. ಸ್ಕ್ಯಾನಿಂಗ್ ನೋಡಿದ್ರೆ ಸುಲಭದ ಕೇಸು, ಅದಕ್ಕೇ ಪಿಜಿಗೆ ಕೊಟ್ರು, ಕಲಿಯೋರಿಗೆ ಸುಲಭದ ಕೇಸೇ ಕೊಡ್ಬೇಕು, ಅದ್ರಲ್ಲಿ ತಪ್ಪೇನಿಲ್ಲ. ಯೂನಿಟ್ ಚೀಫ್ ಎದುರಿಗೇ ವಾಶ್ ಆಗಿ, ಅಂದ್ರೆ ಕೈ ತೊಳೆದು ಗೌನ್ ಹಾಕ್ಕೊಂಡು ನಿಂತಿದ್ರು, ಅವರೂ ಒಳ್ಳೆ ಕೈ ಇರೋರೇ. ಪಿಜಿ ಡಾಕ್ಟ್ರು ಎಡಗೈಯ ಗ್ರಾಸ್ಪರ್ ಅನ್ನೋ ಹಿಡಿಯೋ ಇಕ್ಕಳದಲ್ಲಿ ಬ್ಲಾಡರ್ ಹಿಡಿದು ಎಳೆದ್ರು, ಎಷ್ಟು ಎಳೀತಿದೀನಿ ಅನ್ನೋದು ಕೈಗೆ ಗೊತ್ತಾಗ್ಲಿಲ್ಲ, ಬಲಗೈ ಹುಕ್ ಎಷ್ಟು ಆಳಕ್ಕೆ ಹೋಗಿದೆ ಅನ್ನೋದು ಕಣ್ಣಿಗೆ ಗೊತ್ತಾಗ್ಲಿಲ್ಲ, ಬ್ಲಾಡರ್ ಗೋಡೆ ಹರೀತು. ಹಸಿರು ಪಿತ್ತ ಸುರೀತು, ಅದರ ಹಿಂದೆ ಕಲ್ಲುಗಳು, ಸಣ್ಣ ಸಣ್ಣವು, ಲಿವರ್ ಕೆಳಗೆ, ಕರುಳಿನ ಸಂದಿಗೆ ಎಲ್ಲಾ ಕಡೆ ಉರುಳಿದ್ವು. ತೆಗೆದದ್ದನ್ನ ತುಂಬೋ ಚೀಲ ಎಂಡೋಬ್ಯಾಗ್ ಸ್ಟಾಕ್ ಇರ್ಲಿಲ್ಲ, ಎಂದಿನಂತೆ ಗ್ಲೌಸ್ ಬೆರಳು ಕತ್ತರಿಸಿ ಚೀಲ ಮಾಡಿಕೊಟ್ಟೆ, ಒಂದೊಂದೇ ಕಲ್ಲು ಹೆಕ್ಕಿ ಅದ್ರೊಳಗೆ ಹಾಕೋದು, ಅಷ್ಟರಲ್ಲಿ ಸ್ಕೋಪಿಗೆ ಫಾಗ್ ಬರೋದು, ಆಚೆ ತೆಗೆದು ಬಿಸಿನೀರಲ್ಲಿ ಅದ್ದೋದು, ಮತ್ತೆ ಒಳಗೆ ಬಿಟ್ರೆ ಸ್ಕ್ರೀನಲ್ಲಿ ಚಿತ್ರ ಓರೆ, ಚೀಫ್ ಬೈಗುಳ, ಪಿಜಿ ಕನ್ನಡಕದ ಒಳಗೆ ಬೆವರು. ಕೊನೆಗೆ ರಕ್ತ ಜಿನುಗೋದು ನಿಲ್ಲದೆ ಹೊಟ್ಟೆ ಕೊಯ್ದು ಓಪನ್ ಮಾಡಿದ್ರು. ಓಪನ್ ಮಾಡಿದ್ದು ಸರಿಯಾದ ತೀರ್ಮಾನ, ಅದನ್ನ ಸೋಲು ಅಂತ ನಾನು ಹೇಳಲ್ಲ, ಹಠ ಮಾಡಿ ಒಳಗೇ ಕೆದಕ್ತಾ ಕೂತಿದ್ರೆ ಇನ್ನೇನೋ ಆಗ್ತಿತ್ತು.

ಪೇಷೆಂಟ್ ಹುಷಾರಾದ್ರು, ಆದ್ರೆ ಮೂರು ದಿನಕ್ಕೆ ಮನೆಗೆ ಹೋಗ್ಬೇಕಾದವ್ರು ವಾರಗಟ್ಟಲೆ ಉಳಿದ್ರು, ಪಕ್ಕೆಲುಬಿನ ಕೆಳಗೆ ಉದ್ದದ ಹೊಲಿಗೆ. ವಾರ್ಡ್ ಹೊರಗಡೆ ಅವರ ಯಜಮಾನ್ರು ಸಿಕ್ಕಿ "ಸಿಸ್ಟರ್, ಸಣ್ಣ ತೂತು ಅಷ್ಟೇ ಅಂದಿದ್ರಲ್ಲಾ" ಅಂದ್ರು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗ್ಲೂ ಗೊತ್ತಿಲ್ದೆ ಕೇಳಿದ್ದು.

ಆ ಪಿಜಿಯನ್ನ ದೂರೋಕೆ ನಂಗೆ ಮನಸ್ಸಿಲ್ಲ. ನನ್ನ ಮಗನ ವಯಸ್ಸಿನವ್ರು, ಮಧ್ಯಾಹ್ನ ಊಟಕ್ಕೂ ಹೋಗ್ದೆ ಚೇಂಜಿಂಗ್ ರೂಮಲ್ಲಿ ಕೂತಿದ್ರು. ಅವತ್ತಿಗೆ ಮುಂಚೆ ಅವರು ಆ ಗ್ರಾಸ್ಪರಲ್ಲಿ ಏನನ್ನೂ ಹಿಡಿದು ಎಳೆದಿರ್ಲಿಲ್ಲ, ಕ್ಯಾಮೆರಾ ಮಾತ್ರ ಹಿಡಿದಿದ್ರು. ಅದೇ ಬಿಲ್ಡಿಂಗ್‌ನ ಮೇಲಿನ ಫ್ಲೋರಲ್ಲಿ ಲ್ಯಾಪ್ರೋಸ್ಕೋಪಿ ಟ್ರೇನರ್ ಇತ್ತು, ಇನ್ನೂ ಇದೆ. ಮೇಲೆ ಹೊದಿಸಿರೋ ಪ್ಲಾಸ್ಟಿಕ್ ಕವರ್ ತೆಗೆಯೋದು ಇನ್‌ಸ್ಪೆಕ್ಷನ್ ಇದೆ ಅಂದಾಗ.

ಇನ್ನೊಂದು ವಿಷ್ಯ, ಇದು ಓಟಿ ಒಳಗಿರೋರಿಗೆ ಮಾತ್ರ ಗೊತ್ತು. ಅವತ್ತು ಲಿಸ್ಟಲ್ಲಿ ಕೊನೆಗಿದ್ದ ಹರ್ನಿಯಾ ತಾತನ್ನ ವಾಪಸ್ ವಾರ್ಡಿಗೆ ಕಳಿಸಿದ್ವಿ. ಹಿಂದಿನ ರಾತ್ರಿಯಿಂದ ಎನ್‌ಬಿಎಂ, ಒಂದು ತೊಟ್ಟು ನೀರಿಲ್ಲ, ಮಧ್ಯಾಹ್ನ ಮೂರು ಗಂಟೆಗೆ "ಇವತ್ತು ಆಗಲ್ಲ ತಾತ, ಮುಂದಿನ ಓಟಿ ಡೇಗೆ ತಗೋತಾರೆ" ಅಂತ ಹೇಳೋ ಕೆಲಸ ನಮ್ದು. ಕಲಿಕೆಗೆ ತಗಲೋ ಟೈಮು ಓಟಿ ಟೇಬಲ್ ಮೇಲೇ ಖರ್ಚಾದ್ರೆ ಅದರ ಬಿಲ್ಲು ಬರೀ ಆ ಟೇಬಲ್ ಮೇಲಿರೋ ಪೇಷೆಂಟಿಗೆ ಬರಲ್ಲ, ಲಿಸ್ಟಲ್ಲಿ ಹಿಂದೆ ಇರೋರಿಗೆಲ್ಲಾ ಬರುತ್ತೆ. ಲ್ಯಾಬ್ ನಡೆಸೋಕೆ ಬಜೆಟ್ ಇಲ್ಲ ಅನ್ನೋರು ಈ ಲೆಕ್ಕವನ್ನೂ ಹಾಕ್ಬೇಕು.

ನಾನು ಹೇಳ್ತಿರೋದು ಹೊಸ ಸಂಶೋಧನೆ ಏನಲ್ಲ. ನಮ್ಮ ಯೂನಿಟ್ಟಿನ ಹಳೇ ಪಿಜಿಯೊಬ್ರು ಈಗ ಬೇರೆ ಕಡೆ ಕನ್ಸಲ್ಟೆಂಟ್ ಆಗಿದಾರೆ, ಅವರು ಒಂದಷ್ಟು ಪೇಪರ್ ಕಳಿಸಿದ್ರು, ಅರ್ಥ ಆಗದ್ದನ್ನ ಫೋನ್ ಮಾಡಿ ಕೇಳ್ಕೊಂಡೆ. ಲ್ಯಾಪ್ರೋಸ್ಕೋಪಿಯಲ್ಲಿ ಗಾಲ್ ಬ್ಲಾಡರ್ ತೆಗೆಯೋದನ್ನ 1985ರಲ್ಲಿ ಜರ್ಮನಿಯ ಎರಿಶ್ ಮ್ಯೂಹೆ ಶುರು ಮಾಡಿದ್ರು, ನಮ್ಮ ದೇಶಕ್ಕೆ ತಂದಿದ್ದು ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ. ಆಗ ಅಮೆರಿಕದಲ್ಲಿ ಪೇಷೆಂಟುಗಳೇ ಸಣ್ಣ ತೂತಿನ ಆಪರೇಷನ್ ಬೇಕು ಅಂತ ಕೇಳೋಕೆ ಶುರು ಮಾಡಿದ್ರಂತೆ, ಸರ್ಜನ್‌ಗಳು ಶನಿವಾರ ಭಾನುವಾರದ ಕೋರ್ಸ್ ಮುಗಿಸ್ಕೊಂಡು ಬಂದು ಸೋಮವಾರ ಶುರು ಹಚ್ಕೊಂಡ್ರಂತೆ. ಏನಾಯ್ತು? 1991ರಲ್ಲಿ ಅಲ್ಲಿನ ಸದರ್ನ್ ಸರ್ಜನ್ಸ್ ಕ್ಲಬ್ ಅನ್ನೋ ಗುಂಪು 1518 ಪೇಷೆಂಟುಗಳ ಲೆಕ್ಕ ಕೊಡ್ತು. ಒಂದೊಂದು ಸರ್ಜನ್ ತಂಡದ ಮೊದಲ 13 ಕೇಸುಗಳಲ್ಲಿ ಪಿತ್ತನಾಳಕ್ಕೆ ಪೆಟ್ಟು ಬಿದ್ದದ್ದು ನೂರಕ್ಕೆ 2.2, ಅದಾದ್ಮೇಲಿನ ಕೇಸುಗಳಲ್ಲಿ ನೂರಕ್ಕೆ 0.1. ಈ ಎರಡು ನಂಬರನ್ನ ಪಕ್ಕ ಪಕ್ಕ ಇಟ್ಟು ನೋಡಿ ಸರ್. ಆಪರೇಷನ್ ಅದೇ, ಇನ್‌ಸ್ಟ್ರುಮೆಂಟ್ ಅದೇ, ಡಾಕ್ಟ್ರೂ ಅವರೇ. ಮೊದಲ ಹದಿಮೂರರಲ್ಲಿ ನಮ್ಮ ಹೆಸರಿತ್ತಾ ಆಮೇಲಿನದ್ರಲ್ಲಿ ಇತ್ತಾ ಅನ್ನೋದಷ್ಟೇ ವ್ಯತ್ಯಾಸ.

ಪಿತ್ತನಾಳಕ್ಕೆ ಪೆಟ್ಟು ಅಂದ್ರೆ ಏನು ಅಂತ ನಿಮಗೆ ಹೇಳೋ ಅಗತ್ಯ ಇಲ್ಲ, ಓದ್ತಿರೋ ಬೇರೆಯವರಿಗೆ ಹೇಳ್ತೀನಿ. ಗಾಲ್ ಬ್ಲಾಡರಿಂದ ಬರೋ ಸಣ್ಣ ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸ್ಬೇಕು, ಅದರ ಪಕ್ಕದಲ್ಲೇ ಲಿವರಿಂದ ಕರುಳಿಗೆ ಹೋಗೋ ಮುಖ್ಯ ನಾಳ ಇರುತ್ತೆ. ಇದು ಅದು ಅಂತ ತಿಳ್ಕೊಂಡು ಮುಖ್ಯ ನಾಳವನ್ನೇ ಕತ್ತರಿಸಿದ್ರೆ ಪೇಷೆಂಟಿಗೆ ಕಾಮಾಲೆ, ಸೋಂಕು, ಮತ್ತೊಂದು ದೊಡ್ಡ ಆಪರೇಷನ್, ವರ್ಷಗಟ್ಟಲೆ ಫಾಲೋಅಪ್. ಇದನ್ನ ತಪ್ಪಿಸೋಕೇ 1995ರಲ್ಲಿ ಸ್ಟ್ರಾಸ್‌ಬರ್ಗ್ ಅನ್ನೋ ಸರ್ಜನ್ "ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ" ಅಂತ ಒಂದು ನಿಯಮ ಹೇಳಿದ್ರು, ಬ್ಲಾಡರ್ ಕಡೆಗೆ ಎರಡೇ ಎರಡು ಎಳೆ ಹೋಗ್ತಿರೋದು ಕಣ್ಣಿಗೆ ಸ್ಪಷ್ಟವಾಗಿ ಕಾಣೋವರೆಗೂ ಏನನ್ನೂ ಕತ್ತರಿಸ್ಬೇಡಿ ಅಂತ. ನಮ್ಮ ಪಿಜಿಗಳು ಅದನ್ನ ವೈವಾದಲ್ಲಿ ಚೆನ್ನಾಗಿ ಹೇಳ್ತಾರೆ. ಹೇಳೋದು ಬೇರೆ, ಅಷ್ಟು ಬಿಡಿಸಿ ತೋರಿಸೋ ಕೈ ಬೇರೆ.

ಅಮೆರಿಕದಲ್ಲಿ ಆಗ ಗಲಾಟೆ ಆಗಿ, 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಕನಿಷ್ಠ 15 ಕೇಸನ್ನ ಅನುಭವಸ್ಥರ ಮೇಲ್ವಿಚಾರಣೆಯಲ್ಲಿ ಮಾಡಿದ ಮೇಲೇ ಸ್ವಂತವಾಗಿ ಮಾಡ್ಬೇಕು ಅಂತ ಮಾರ್ಗಸೂಚಿ ತಂತು. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಜನ ಸರ್ಜರಿ ರೆಸಿಡೆಂಟ್‌ಗಳನ್ನ, ಅಂದ್ರೆ ಅಲ್ಲಿನ ಪಿಜಿಗಳನ್ನ, ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಸಿಮ್ಯುಲೇಟರ್ ಮೇಲೆ ತರಬೇತಿ ಕೊಟ್ಟು, ಆಮೇಲೆ ಎಲ್ರೂ ನಿಜವಾದ ಆಪರೇಷನ್ ಮಾಡೋದನ್ನ ವಿಡಿಯೋ ಮಾಡಿ ನೋಡಿದ್ರು. ಸಿಮ್ಯುಲೇಟರಲ್ಲಿ ಪಳಗಿದವ್ರು ಬ್ಲಾಡರ್ ಬಿಡಿಸೋ ಕೆಲಸವನ್ನ ನೂರಕ್ಕೆ 29ರಷ್ಟು ಬೇಗ ಮುಗಿಸಿದ್ರು, ಪಳಗದೇ ಇದ್ದವ್ರು ಬ್ಲಾಡರನ್ನ ಹರಿಯೋ ಅಥವಾ ಬೇರೆ ಭಾಗವನ್ನ ಸುಡೋ ಸಾಧ್ಯತೆ ಐದು ಪಟ್ಟು ಜಾಸ್ತಿ ಇತ್ತು. ಇದನ್ನ ಓದುವಾಗ ನಂಗೆ ನಮ್ಮ ಟೇಬಲ್ಲೇ ಕಣ್ಮುಂದೆ ಬಂತು. 2010ರ ಹೊತ್ತಿಗೆ ಅಲ್ಲಿನ ಸರ್ಜರಿ ಬೋರ್ಡು ಲ್ಯಾಪ್ರೋಸ್ಕೋಪಿಯ ಮೂಲ ಕೌಶಲ ನೋಡೋ ಎಫ್‌ಎಲ್‌ಎಸ್ ಅನ್ನೋ ಪರೀಕ್ಷೆ ಪಾಸಾಗದೆ ಸರ್ಟಿಫಿಕೇಟೇ ಇಲ್ಲ ಅಂದುಬಿಡ್ತು.

ಆ ಪರೀಕ್ಷೆಯ ಪ್ರಾಕ್ಟಿಕಲ್ ನೋಡಿದ್ರೆ ನಗು ಬರುತ್ತೆ, ಅಷ್ಟು ಸಾದಾ. ಮುಚ್ಚಿದ ಡಬ್ಬದೊಳಗೆ ಒಂದು ಹಲಗೆ, ಅದ್ರ ಮೇಲೆ ಗೂಟಗಳು, ಆರು ರಬ್ಬರ್ ತುಂಡು. ಸ್ಕ್ರೀನ್ ನೋಡ್ಕೊಂಡು ಒಂದು ಕೈಯಲ್ಲಿ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಗೆ ದಾಟಿಸಿ, ಆಚೆ ಗೂಟಕ್ಕೆ ಹಾಕ್ಬೇಕು, ಮತ್ತೆ ವಾಪಸ್ ತರ್ಬೇಕು. ಆಮೇಲೆ ಗಾಜ್ ಬಟ್ಟೆ ಮೇಲೆ ಗುರ್ತು ಮಾಡಿದ ವೃತ್ತವನ್ನ ಗೆರೆ ತಪ್ಪದ ಹಾಗೆ ಕತ್ತರಿಸ್ಬೇಕು, ಲೂಪ್ ಹಾಕ್ಬೇಕು, ಹೊರಗೆ ಗಂಟು ಹಾಕಿ ಒಳಗೆ ತಳ್ಳಬೇಕು, ಒಳಗೇ ಗಂಟು ಹಾಕ್ಬೇಕು. ಐದೇ ಕೆಲಸ, ಗಡಿಯಾರ ಇಟ್ಟು. ಇಷ್ಟಕ್ಕೆ ಕೋಟಿ ರೂಪಾಯಿ ಮಷೀನ್ ಬೇಕಾ?

ಬೇಡ ಅನ್ನೋದಕ್ಕೆ ಸಾಕ್ಷಿ ನಮ್ಮಲ್ಲೇ ಇತ್ತು. ಕೋವಿಡ್ ಟೈಮಲ್ಲಿ ತುರ್ತಲ್ಲದ ಎಲೆಕ್ಟಿವ್ ಓಟಿ ಎಲ್ಲಾ ನಿಂತಿದ್ದಾಗ ಪಿಜಿ ಒಬ್ರು ಬಟ್ಟೆ ಇಡೋ ಪ್ಲಾಸ್ಟಿಕ್ ಬಾಕ್ಸಿಗೆ ಎರಡು ತೂತು ಕೊರೆದು, ಒಳಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿ, ಮೇಲೆ ಹಳೇ ಮೊಬೈಲ್ ಇಟ್ಟು ಹಾಸ್ಟೆಲ್ ರೂಮಲ್ಲೇ ಟ್ರೇನರ್ ಮಾಡ್ಕೊಂಡಿದ್ರು. ಇನ್ನು ಬಳಸೋ ಹಾಗಿಲ್ಲ ಅಂತ ಕಂಡೆಮ್ ಆಗಿದ್ದ ಒಂದು ಗ್ರಾಸ್ಪರು, ಒಂದು ನೀಡಲ್ ಹೋಲ್ಡರನ್ನ ಚೀಫ್ ಹತ್ರ ಸಹಿ ಹಾಕಿಸ್ಕೊಂಡು ತಗೊಂಡು ಹೋದ್ರು, ಡೇಟ್ ಮುಗಿದ ವೈಕ್ರಿಲ್ ಹೊಲಿಗೆ ದಾರ ಕೊಟ್ಟು ಕಳಿಸಿದ್ವಿ. ಕಡ್ಲೆಕಾಳು ಹೆಕ್ಕೋದು, ದ್ರಾಕ್ಷಿ ಸಿಪ್ಪೆ ಸುಲಿಯೋದು, ಕೋಳಿ ಚರ್ಮ ಹೊಲಿಯೋದು ಇದೇ ಕೆಲಸ, ಹಾಸ್ಟೆಲ್ ಮೆಸ್ಸಿನೋರು ಬೈತಿದ್ರಂತೆ. ಓಟಿ ಮತ್ತೆ ಶುರುವಾದಾಗ ಆ ಕೈ ನೋಡ್ಬೇಕಿತ್ತು ನೀವು. ನೀಡಲ್ ಕೊಟ್ರೆ ಒಳಗೆ ಹೋಗಿ ಸರಿಯಾದ ಕೋನಕ್ಕೆ ತಾನೇ ತಿರುಗ್ತಿತ್ತು, ಗಂಟು ಎರಡು ಪ್ರಯತ್ನಕ್ಕೆ ಕೂರ್ತಿತ್ತು, ಚೀಫ್ ಬಾಯಿ ತೆರೆಯೋ ಪ್ರಮೇಯವೇ ಬರ್ಲಿಲ್ಲ. ಅವರ ಬ್ಯಾಚಲ್ಲಿ ಬುದ್ಧಿವಂತರು ಬೇರೆಯವ್ರೂ ಇದ್ರು, ಬಾಕ್ಸ್ ಇದ್ದದ್ದು ಇವರ ಹತ್ರ ಮಾತ್ರ.

ಬರೀ ಹೊಟ್ಟೆ ಆಪರೇಷನ್ ಕಥೆ ಅಲ್ಲ ಇದು. ಬ್ರಿಟನ್‌ನಲ್ಲಿ ಕಣ್ಣಿನ ಪೊರೆ ಆಪರೇಷನ್ ಕಲಿಯೋ ಮೊದಲೆರಡು ವರ್ಷದ ಡಾಕ್ಟ್ರುಗಳಿಗೆ ಸಿಮ್ಯುಲೇಟರ್ ಸಿಗೋ ಹಾಗಾದ ಮೇಲೆ, ಲೆನ್ಸಿನ ಹಿಂಬದಿ ಕ್ಯಾಪ್ಸೂಲ್ ಹರಿಯೋ ಪ್ರಮಾಣ 2009ರಲ್ಲಿ ನೂರಕ್ಕೆ 4.2 ಇದ್ದದ್ದು 2015ಕ್ಕೆ 2.6ಕ್ಕೆ ಇಳೀತು. ಅಷ್ಟು ದೊಡ್ಡ ಮಷೀನ್ ಇಲ್ಲದ ಕಡೆ ನಮ್ಮ ದೇಶದಲ್ಲೇ ಕಸಾಯಿಖಾನೆಯಿಂದ ಮೇಕೆ ಕಣ್ಣು ತಂದು ಅದ್ರ ಮೇಲೆ ಕೈ ಪಳಗಿಸ್ತಾರೆ. ರೋಬೋಟಿಕ್ ಸರ್ಜರಿಗೆ ಹೋಗೋ ದೊಡ್ಡ ದೊಡ್ಡ ಸರ್ಜನ್‌ಗಳನ್ನೂ ಮೊದ್ಲು ಸಿಮ್ಯುಲೇಟರ್ ಮೇಲೆ ಕೂರಿಸ್ತಾರೆ, ಅಲ್ಲಿ ಯಾರಿಗೂ ಅವಮಾನ ಆಗಲ್ಲ. ಅಷ್ಟೇ ಯಾಕೆ, ನಮ್ಮಂಥ ನರ್ಸ್‌ಗಳಿಗೆ ಹೆರಿಗೆ, ಮಗುವಿಗೆ ಉಸಿರು ಕೊಡಿಸೋದು ಎಲ್ಲಾ ಬೊಂಬೆ ಮೇಲೆ ಮಾಡಿಸಿ, ಚೆಕ್‌ಲಿಸ್ಟ್ ಹಿಡಿದು ಮಾರ್ಕ್ಸ್ ಹಾಕ್ತಾರೆ. ಬೊಂಬೆ ಮೇಲೆ ನರ್ಸ್ ಪಾಸಾಗ್ಬೇಕು, ಸರ್ಜನ್ ಆಗೋರು ಡೈರೆಕ್ಟಾಗಿ ಪೇಷೆಂಟ್ ಮೇಲೆ ಹೋಗ್ಬಹುದು, ಇದ್ಯಾವ ನ್ಯಾಯ ಅಂತ ನಾವು ನಾವೇ ಮಾತಾಡ್ಕೋತೀವಿ.

ಇಷ್ಟೆಲ್ಲಾ ಹೇಳಿದ್ರೆ ಹಿರಿಯರು ಒಂದೇ ಮಾತಲ್ಲಿ ಮುಗಿಸ್ತಾರೆ, "ನಾವೆಲ್ಲಾ ಹಂಗೇ ಕಲ್ತಿದ್ದಲ್ವಾ ಸಿಸ್ಟರ್, ಒಂದು ನೋಡು, ಒಂದು ಮಾಡು, ಒಂದು ಕಲಿಸು." ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹಾಲ್‌ಸ್ಟೆಡ್ ಕಾಲದಿಂದ, ಅಂದ್ರೆ 1890ರ ಆಸುಪಾಸಿನಿಂದ ನಡ್ಕೊಂಡು ಬಂದ ಪದ್ಧತಿ, ಗೊತ್ತು. ಅದು ಓಪನ್ ಸರ್ಜರಿಯ ಕಾಲ, ಗುರುವಿನ ಕೈ ಶಿಷ್ಯನ ಕೈ ಎರಡೂ ಒಂದೇ ಗಾಯದೊಳಗೆ ಇರ್ತಿದ್ವು, ತಪ್ಪಿದ್ರೆ ಹಿಡ್ಕೋಬಹುದಿತ್ತು. ಲ್ಯಾಪ್ರೋಸ್ಕೋಪಿಯಲ್ಲಿ ಪಿಜಿ ಹುಕ್ ತಪ್ಪು ಜಾಗಕ್ಕೆ ತಾಗೋದನ್ನ ಚೀಫ್ ಸ್ಕ್ರೀನಲ್ಲಿ ನೋಡ್ಬಹುದು, ನೋಡಿ ಬಾಯಿ ತೆರೆಯೋವಷ್ಟರಲ್ಲಿ ಸುಟ್ಟಾಗಿರುತ್ತೆ. ಹಳ್ಳಿಯಲ್ಲಿ ಮಕ್ಕಳಿಗೆ ಈಜು ಕಲಿಸೋಕೆ ಬಾವಿಗೆ ತಳ್ಳೋ ಅಪ್ಪಂದಿರು ಕೂಡ ಮೊದ್ಲು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ತಿದ್ರು. ಅದೂ ಅಲ್ದೆ ಬಾವಿಗೆ ಬೀಳ್ತಿದ್ದದ್ದು ಅವರದೇ ಮಗ, ಇಲ್ಲಿ ಬೇರೆಯವರ ಹೊಟ್ಟೆ.

ಈ ಬೇರೆಯವರು ಯಾರು ಅನ್ನೋದನ್ನೂ ಹೇಳಲೇಬೇಕು. ನಮ್ಮ ಬೋಧಕ ಆಸ್ಪತ್ರೆಗಳ ಜನರಲ್ ವಾರ್ಡಿಗೆ ಬರೋರು ಯಾರು ಅಂತ ನಿಮಗೆ ಗೊತ್ತು. ದುಡ್ಡಿರೋರು ಮೊದಲ ಹದಿಮೂರರಲ್ಲಿ ಬರಲ್ಲ, ಅವರು ಬರೋದು ಅದೇ ಡಾಕ್ಟ್ರು ಕಲಿತು, ಹೊರಗೆ ಹೋಗಿ, ಹೆಸರು ಮಾಡಿದ ಮೇಲೆ. ಕನ್ಸೆಂಟ್ ಫಾರಂನಲ್ಲಿ ಹೆಬ್ಬೆಟ್ಟು ಒತ್ತಿಸ್ಕೊಳ್ಳೋವಾಗ ಪಕ್ಕದಲ್ಲಿ ನಿಲ್ಲೋಳು ನಾನು, ಕಲಿಯೋ ಡಾಕ್ಟ್ರು ಮೇಲ್ವಿಚಾರಣೆಯಲ್ಲಿ ಮಾಡ್ತಾರೆ ಅಂತ ಬಾಯಿಬಿಟ್ಟು ಹೇಳಿದ್ದನ್ನ ನಾನು ಕೇಳಿರೋದು ತುಂಬಾ ಕಮ್ಮಿ. ಹೇಳಿದ್ರೆ ಓಡಿ ಹೋಗ್ತಾರೆ ಅಂತ ಭಯ ಇರ್ಬಹುದು, ನಂಗನ್ಸೋ ಪ್ರಕಾರ ಹೋಗಲ್ಲ. "ಬಾಕ್ಸ್ ಮೇಲೆ ಪಾಸಾಗಿದಾರೆ, ದೊಡ್ಡ ಡಾಕ್ಟ್ರು ಜೊತೆಗೇ ಇರ್ತಾರೆ" ಅಂತ ಧೈರ್ಯವಾಗಿ ಹೇಳೋ ಹಾಗಿದ್ರೆ ನಮ್ಮ ಜನ ಒಪ್ತಾರೆ.

ಸಿಮ್ಯುಲೇಟರೇ ಎಲ್ಲಾ ಅಂತ ನಾನು ಹೇಳ್ತಿಲ್ಲ. ಡಬ್ಬದಲ್ಲಿ ರಕ್ತ ಬರಲ್ಲ, ಉರಿಯೂತ ಆಗಿ ಅಂಟ್ಕೊಂಡಿರೋ ಬ್ಲಾಡರ್ ಹೇಗಿರುತ್ತೆ ಅಂತ ರಬ್ಬರ್ ತುಂಡು ಹೇಳಲ್ಲ, ಬಿಪಿ ಇಳೀತಿದೆ ಅಂತ ಅನಸ್ತೇಶಿಯಾದವ್ರು ಕೂಗಿದಾಗ ಕೈ ಹೇಗಿರ್ಬೇಕು ಅನ್ನೋದೂ ಅಲ್ಲಿ ಬರಲ್ಲ. ಅದನ್ನ ಟೇಬಲ್ ಹತ್ರಾನೇ, ಹಿರಿಯರ ಪಕ್ಕದಲ್ಲೇ ಕಲೀಬೇಕು. ಆದ್ರೆ ಎಡ ಬಲ, ಮೇಲೆ ಕೆಳಗೆ, ಆಳ, ಗಂಟು, ಇವನ್ನ ಕಲಿಯೋಕೆ ಪೇಷೆಂಟ್ ಬೇಕಾಗಿಲ್ಲ. ಕೈ ಇವನ್ನ ಮರೆತು ಕೆಲಸ ಮಾಡೋ ಹಾಗಾದ್ರೆ ಮಾತ್ರ ತಲೆ ಅನಾಟಮಿ ಕಡೆ ಹೋಗುತ್ತೆ. ಮತ್ತೆ ಪಿಜಿಗಳೇ ಸೋಮಾರಿಗಳು, ಲ್ಯಾಬ್ ತೆಗೆದ್ರೂ ಬರಲ್ಲ ಅನ್ನೋ ಮಾತು ಬೇಡ. ಲ್ಯಾಬ್ ಟೈಮಿಂಗ್ ಬೆಳಗ್ಗೆ ಒಂಬತ್ತರಿಂದ ನಾಲ್ಕು, ಅವರು ಅದೇ ಹೊತ್ತಲ್ಲಿ ಓಪಿಡಿ, ವಾರ್ಡು, ಓಟಿ, ಬ್ಲಡ್ ಬ್ಯಾಂಕ್ ಫಾರಂ, ಇನ್ಶೂರೆನ್ಸ್ ಪ್ರೀ-ಆಥ್ ಅಪ್‌ಲೋಡು ಅಂತ ಓಡಾಡ್ತಿರ್ತಾರೆ, ಹೋಗೋದು ಯಾವಾಗ?

2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಾಗಿಂದ ಸ್ಕಿಲ್ ಲ್ಯಾಬ್ ಕಡ್ಡಾಯ. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದ್ರೆ ಎನ್‌ಎಂಸಿಯ 2020ರ ಮಾನದಂಡದಲ್ಲಿ 150 ಸೀಟಿನ ಕಾಲೇಜಿಗೆ 600 ಚದರ ಮೀಟರ್ ಜಾಗ ಇರ್ಬೇಕು ಅಂತಿತ್ತು. ಜಾಗ ಅಳೀತಾರೆ, ಬೊಂಬೆ ಎಣಿಸ್ತಾರೆ, ಫೋಟೋ ತೆಗೀತಾರೆ. ಕಳೆದ ತಿಂಗಳು ಇಲ್ಲಿ ಯಾವ ಪಿಜಿ ಎಷ್ಟು ಗಂಟೆ ಕೂತಿದ್ರು ರಿಜಿಸ್ಟರ್ ತೋರ್ಸಿ ಅಂತ ಕೇಳಿದ್ದನ್ನ ನಾನಂತೂ ಕಾಣೆ.

ಹಿರಿಯ ಸರ್ಜನ್‌ಗಳ ವಿಷ್ಯ ಬರೆಯೋದು ಸ್ವಲ್ಪ ಕಷ್ಟ, ಆದ್ರೂ ಬರೀತೀನಿ, ಕ್ಷಮೆ ಇರ್ಲಿ. ಓಪನ್ ಹರ್ನಿಯಾದಲ್ಲಿ ಕಣ್ಮುಚ್ಕೊಂಡು ಕೆಲಸ ಮಾಡೋ ಕೈ ಇರೋರು ಎರಡು ದಿನದ ವರ್ಕ್‌ಶಾಪ್ ಮುಗಿಸಿ ಬಂದು ಮುಂದಿನ ಓಟಿ ಡೇಗೆ ಲ್ಯಾಪ್ರೋಸ್ಕೋಪಿ ಹರ್ನಿಯಾ ಲಿಸ್ಟಿಗೆ ಹಾಕ್ತಾರೆ. ಎದುರಿಗೆ ನಿಂತು ಹೇಳಿಕೊಡೋಕೆ ಯಾರೂ ಇರಲ್ಲ, ಕಂಪನಿ ರೆಪ್ ಹರ್ನಿಯಾಗೆ ಹಾಕೋ ಮೆಶ್ ಬಲೆ ಹಿಡ್ಕೊಂಡು ಮೂಲೆಯಲ್ಲಿ ನಿಂತಿರ್ತಾರೆ. ಪಿಜಿ ತಡವರಿಸಿದ್ರೆ ಚೀಫ್ ತಗೋತಾರೆ, ಚೀಫೇ ತಡವರಿಸಿದ್ರೆ ಯಾರು ತಗೋಬೇಕು? ಓಟಿಯಲ್ಲಿ ಎಲ್ರೂ ಸುಮ್ನೆ ನಿಂತಿರ್ತೀವಿ, ಯಾರೂ ಯಾರ ಮುಖಾನೂ ನೋಡಲ್ಲ. ಸರ್ಜರಿಗೆ ಹೊಸಬರು ಅನ್ನೋದು ಬೇರೆ, ಆ ಆಪರೇಷನ್ನಿಗೆ ಹೊಸಬರು ಅನ್ನೋದು ಬೇರೆ, ಎರಡನೇದಕ್ಕೆ ವಯಸ್ಸಿನ ರಿಯಾಯಿತಿ ಕೊಡಬಾರ್ದು.

ಹಾಗಾಗಿ ನಿಮ್ಮಲ್ಲಿ ಕೇಳ್ಕೊಳ್ಳೋದು ಇದು. ಮೊದಲನೇದಾಗಿ, ಸ್ಕಿಲ್ ಲ್ಯಾಬನ್ನ ಸಂಜೆ ಐದರಿಂದ ಎಂಟರವರೆಗೆ ಮತ್ತು ಭಾನುವಾರ ಅರ್ಧ ದಿನ ತೆಗೀರಿ, ಕೀಲಿ ಸ್ಟೋರ್ ಕೀಪರ್ ಜೇಬಲ್ಲಿ ಇರೋದು ಬೇಡ, ಓಟಿ ಇನ್‌ಚಾರ್ಜ್ ಹತ್ರ ಇರ್ಲಿ, ಬಂದೋರು ರಿಜಿಸ್ಟರಲ್ಲಿ ಸಹಿ ಮಾಡ್ಲಿ. ಪಿಜಿ ಲಾಗ್‌ಬುಕ್ಕಲ್ಲಿ ನೋಡಿದ್ದು, ಅಸಿಸ್ಟ್ ಮಾಡಿದ್ದು, ಹಿರಿಯರ ಜೊತೆ ಮಾಡಿದ್ದು, ಸ್ವಂತ ಮಾಡಿದ್ದು ಅಂತ ಕಾಲಂ ಇರ್ತಾವಲ್ಲ, ಅವುಗಳ ಮುಂಚೆ ಸಿಮ್ಯುಲೇಟರ್ ಅಂತ ಇನ್ನೊಂದು ಕಾಲಂ ಬರ್ಲಿ, ಅದು ಖಾಲಿ ಇದ್ರೆ ಮುಂದಿನದಕ್ಕೆ ಸಹಿ ಬೇಡ. ಗಂಟೆ ಲೆಕ್ಕ ಮಾತ್ರ ಸಾಲಲ್ಲ, ಹತ್ತು ಗಂಟೆ ಕೂತು ಮೊಬೈಲ್ ನೋಡಿದ್ರೂ ಹತ್ತು ಗಂಟೆ ಆಗುತ್ತೆ, ಆ ಐದು ಕೆಲಸವನ್ನ ಇಷ್ಟು ಟೈಮಲ್ಲಿ ಇಷ್ಟಕ್ಕಿಂತ ಜಾಸ್ತಿ ತಪ್ಪಿಲ್ದೆ ಮಾಡ್ಬೇಕು ಅಂತ ಮಟ್ಟ ಇಡಿ. ಅದನ್ನ ನೋಡಿ ತಿದ್ದೋಕೆ ವಾರಕ್ಕೆ ಒಂದು ಗಂಟೆ ಒಬ್ರು ಅಸಿಸ್ಟೆಂಟ್ ಪ್ರೊಫೆಸರ್ ಹೆಸರು ಡ್ಯೂಟಿ ಚಾರ್ಟಲ್ಲೇ ಇರ್ಲಿ, ಬಿಡುವಾದಾಗ ಬನ್ನಿ ಅಂದ್ರೆ ಯಾರೂ ಬರಲ್ಲ, ಅವರಿಗೂ ಬಿಡುವಿಲ್ಲ.

ಕಂಡೆಮ್ ಆದ ಇನ್‌ಸ್ಟ್ರುಮೆಂಟು, ಎಕ್ಸ್‌ಪೈರ್ ಆದ ಹೊಲಿಗೆ ದಾರ ಇವನ್ನ ಲ್ಯಾಬಿಗೆ ಕೊಡೋಕೆ ಒಂದು ಲಿಖಿತ ಪದ್ಧತಿ ಮಾಡಿ. ಈಗ ಅವನ್ನ ರೈಟ್ ಆಫ್ ಮಾಡೋಕೇ ವರ್ಷ ಹಿಡಿಯುತ್ತೆ, ಕಬೋರ್ಡಲ್ಲಿ ತುಕ್ಕು ಹಿಡೀತಿರ್ತಾವೆ. ಕೊಡೋವಾಗ ಹಿಡಿಕೆಗೆ ಕೆಂಪು ಟೇಪ್ ಸುತ್ತಿ, ಮತ್ತೆ ಓಟಿ ಟ್ರೇಗೆ ಬರದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನಮ್ಗೆ ಬಿಡಿ. ಜಿಲ್ಲಾ ರೆಸಿಡೆನ್ಸಿ ಅಂತ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹೋಗೋ ಪಿಜಿಗಳ ಜೊತೆ ಒಂದು ಬಾಕ್ಸ್ ಕಳಿಸಿದ್ರೂ ಆಗುತ್ತೆ, ಹೊರಲಾರದ ಭಾರ ಏನಲ್ಲ. ಹೊಸ ಪ್ರೊಸೀಜರ್ ಶುರು ಮಾಡೋ ಹಿರಿಯ ಸರ್ಜನ್‌ಗಳಿಗೂ ಇದೇ ಮಟ್ಟ, ಜೊತೆಗೆ ಮೊದಲ ಕೆಲವು ಕೇಸಿಗೆ ಅದ್ರಲ್ಲಿ ಪಳಗಿದ ಒಬ್ರು ಎದುರಿಗೆ ವಾಶ್ ಆಗ್ಲೇಬೇಕು, ಬೇರೆ ಕಾಲೇಜಿಂದ ಕರೆಸ್ಬೇಕಾದ್ರೆ ಟಿಎ ಡಿಎ ಕೊಟ್ಟು ಕರೆಸಿ. ಇಲಾಖೆಯವ್ರಿಗೆ ಒಂದೇ ಮಾತು, ಇನ್ಮೇಲೆ ಕಾಲೇಜುಗಳಿಂದ ರಿಪೋರ್ಟ್ ತರಿಸುವಾಗ ಲ್ಯಾಬ್ ಎಷ್ಟು ಚದರ ಮೀಟರ್ ಅಂತ ಕೇಳೋ ಜಾಗದಲ್ಲಿ ಎಷ್ಟು ಪಿಜಿಗಳು ಪಾಸಾದ್ರು ಅಂತ ಕೇಳಿ.

ಸಂಜೆ ಡ್ಯೂಟಿಗೆ ಸ್ಟಾಫ್ ಇಲ್ಲ ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ. ನಮ್ಮ ಓಟಿಯಲ್ಲಿ ನಾವು ಆಗ್ಲೇ ಮಾತಾಡ್ಕೊಂಡಿದೀವಿ, ವಾರದಲ್ಲಿ ಮೂರು ಸಂಜೆ ಇಬ್ಬಿಬ್ರು ಸರದಿ ಮೇಲೆ ಕೂರೋಕೆ ರೆಡಿ ಇದೀವಿ, ಕಾಂಪೆನ್ಸೇಟರಿ ಆಫ್ ಕೊಟ್ರೆ ಸಾಕು. ಇನ್‌ಸ್ಟ್ರುಮೆಂಟ್ ಹಿಡಿಯೋದು ಹೇಗೆ, ಬಿಚ್ಚೋದು ಜೋಡ್ಸೋದು ಹೇಗೆ, ಲೆನ್ಸ್ ಒರೆಸೋದು ಹೇಗೆ ಅನ್ನೋದನ್ನ ನಾವೇ ಹೇಳಿಕೊಡ್ತೀವಿ. ಆದೇಶ ಲಿಖಿತವಾಗಿ ಬರ್ಲಿ, ಬಾಯಿಮಾತಲ್ಲಿ ಹೇಳಿದ್ರೆ ಸ್ಟೋರಿನೋರು ಕೀಲಿ ಕೊಡಲ್ಲ.

ಇಂತಿ ತಮ್ಮ ವಿಶ್ವಾಸಿ,
ಸರ್ಜರಿ ಓಟಿಯ ಒಬ್ಬ ನರ್ಸಿಂಗ್ ಆಫೀಸರ್